ಪೋಲಿಷ್ ವ್ಯಾಕರಣ: ಏಳು ವಿಭಕ್ತಿಗಳನ್ನ ಯಾವ ಕ್ರಮದಲ್ಲಿ ಕಲಿಯೋದು?

ಕ್ರಾಕುಫ್ ಹೊಸಬ:

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಪೋಲೆಂಡಿನ ಕ್ರಾಕುಫ್‌ಗೆ ಬಂದವನು, ಈಗ ಇಲ್ಲೇ ಉಳಿಯೋ ಯೋಚನೆ ಮಾಡ್ತಿದ್ದೀನಿ. ಯೂರೋಪಿಯನ್ ಒಕ್ಕೂಟದ ದೀರ್ಘಾವಧಿ ವಾಸದ ಪರವಾನಗಿ ಸಿಗಬೇಕು ಅಂದ್ರೆ ಪೋಲಿಷ್‌ನಲ್ಲಿ ಬಿ1 ಅಂದ್ರೆ ಮಧ್ಯಮ ಮಟ್ಟ ತೋರಿಸಬೇಕು. ಸರ್ಕಾರಿ ಪರೀಕ್ಷೆಯಲ್ಲಿ ಕೇಳೋದು, ಓದೋದು, ಬರೆಯೋದು, ಮಾತಾಡೋದು ಇದ್ದದ್ದೇ. ಅದರ ಮೇಲೆ ವ್ಯಾಕರಣಕ್ಕೆ ಅಂತಲೇ ಬೇರೆ ಒಂದು ಭಾಗ ಇದೆ. ನನಗೆ ಭಯ ಇರೋದು ಅದರದ್ದೇ.

ಸಂಜೆ ಕ್ಲಾಸಿಗೆ ಹೋಗ್ತೀನಿ. ಪಾಠ ಇಂಗ್ಲಿಷ್ ಮೂಲಕ ನಡೆಯುತ್ತೆ. ‘ಆಫ್’ ಬಂದ್ರೆ ದೊಪೆವ್ನ್ಯಾಚ್ ಅನ್ನೋ ವಿಭಕ್ತಿ, ‘ಟು’ ಬಂದ್ರೆ ತ್ಸೆಲೊವ್ನಿಕ್, ‘ವಿತ್’ ಬಂದ್ರೆ ನಝೆಂದ್ನಿಕ್ ಅಂತ ಬರೆಸಿದ್ರು. ಮುಂದಿನ ಪಾಠದಲ್ಲೇ ‘ಕ್ರಾಕುಫ್‌ಗೆ’ ಅನ್ನೋದಕ್ಕೆ ‘ದೊ ಕ್ರಕೊವಾ’ ಅಂತ ಬಂತು. ಅದು ದೊಪೆವ್ನ್ಯಾಚ್ ಅಂತೆ! ‘ಟು’ ಎಲ್ಲಿ ಹೋಯ್ತು? ಕಾಫಿಗೆ ಇರೋ ಪದ ಕಾವಾ. ಅದು ಕಾವಿ, ಕಾವ್ಯೆ, ಕಾವೆ, ಕಾವೊಂ, ಕಾವೊ ಅಂತೆಲ್ಲ ತಿರುಗುತ್ತೆ. ಇದು ಏಕವಚನ ಮಾತ್ರ.

ಕನ್ನಡದಲ್ಲೇ ಯೋಚನೆ ಮಾಡಿ ಪೋಲಿಷ್ ಕಲಿತವರು ಇಲ್ಲಿ ಯಾರಾದ್ರೂ ಇದ್ದೀರಾ? ಏಳು ವಿಭಕ್ತಿಗಳಲ್ಲಿ ಯಾವುದನ್ನ ಮೊದಲು ಹಿಡೀಬೇಕು? ಎರಡನೇದು, ಅಂಕಿಗಳ ವಿಷಯ. ಎರಡು, ಮೂರು, ನಾಲ್ಕಕ್ಕೆ ಒಂದು ರೂಪ, ಐದಕ್ಕೆ ಇನ್ನೊಂದು ರೂಪ. ಯಾಕೆ ಹೀಗೆ?

(ಪೋಲಿಷ್ ಪದಗಳನ್ನ ಉಚ್ಚಾರಣೆಗೆ ಹತ್ತಿರ ಇರೋ ಹಾಗೆ ಕನ್ನಡದಲ್ಲೇ ಬರೆದಿದ್ದೀನಿ. ನೀವೂ ಹಾಗೇ ಬರೆದ್ರೆ ಓದೋಕೆ ಸುಲಭ.)

---

ವೂಚ್ ಗೋಡೌನ್:

ವಿಭಕ್ತಿ ಟೇಬಲ್ ಬಿಸಾಕಿ ಗುರು. ನಾನು ಒಂದು ಕ್ಲಾಸಿಗೂ ಹೋದವನಲ್ಲ. ಗೋಡೌನಲ್ಲಿ ಶಿಫ್ಟ್ ಕೆಲಸ, ಜೊತೆಗಿರೋರೆಲ್ಲ ಪೋಲಿಷ್‌ನವರು. ‘ನ್ಯೆ ಮಾ ಪಲೆತಿ’ ಅಂದ್ರೆ ಪ್ಯಾಲೆಟ್ ಇಲ್ಲ. ಇಡೀ ವಾಕ್ಯಾನೇ ಕಿವಿಗೆ ಬಿದ್ದು ಬಾಯಿಗೆ ಬಂತು, ಅದು ಯಾವ ವಿಭಕ್ತಿ ಅಂತ ಇವತ್ತಿಗೂ ಕೇಳಿಲ್ಲ. ಮೊದಲು ಮಾತಾಡಿ, ವ್ಯಾಕರಣ ಹಿಂದೇನೇ ಬರುತ್ತೆ.

---

ಓದ್ರಾ ದಡದವಳು:

ಗೋಡೌನ್ ಅವರ ಮಾತು ಮಾತಾಡೋಕೆ ಸರಿ, ಪರೀಕ್ಷೆಗೆ ಸಾಲದು. ಅಲ್ಲಿ ವಾಕ್ಯದ ಮಧ್ಯೆ ಜಾಗ ಬಿಟ್ಟು, ಪದದ ಮೂಲರೂಪ ಕೊಟ್ಟು ‘ಸರಿಯಾದ ರೂಪ ಬರೆಯಿರಿ’ ಅಂತಾರೆ. ಕಿವಿ ಅರ್ಧ ದಾರಿಗೆ ಮಾತ್ರ ಬರುತ್ತೆ.

ನಾನು ವ್ರೊತ್ಸ್ವಾಫ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೀನಿ. ದಿನವೂ ಪೋಲಿಷ್‌ನಲ್ಲೇ ಇನ್‌ವಾಯ್ಸ್, ಪೋಲಿಷ್‌ನಲ್ಲೇ ಮೇಲ್. ಓದಿದ್ದು ಕನ್ನಡ ಮಾಧ್ಯಮ. ಹೊಸಬ ಅವರೇ, ನಿಮ್ಮ ತೊಂದರೆ ಪೋಲಿಷ್‌ದಲ್ಲ, ನಡುವೆ ಕೂತಿರೋ ಇಂಗ್ಲಿಷ್‌ದು. ವಿಭಕ್ತಿ ಅನ್ನೋದೇ ಹೆಚ್ಚುಕಡಿಮೆ ಇಲ್ಲದ ಭಾಷೆಯಿಂದ ವಿಭಕ್ತಿ ಇರೋ ಭಾಷೆಗೆ ಹೋಗ್ತಿದ್ದೀರಿ, ಅದೂ ವಿಭಕ್ತಿ ಇರೋ ಭಾಷೆಯಲ್ಲೇ ಹುಟ್ಟಿ ಬೆಳೆದು! ಪ್ರಥಮಾ ‘ಉ’, ದ್ವಿತೀಯಾ ‘ಅನ್ನು’ ಅಂತ ಶಾಲೆಯಲ್ಲಿ ರಾಗವಾಗಿ ಹೇಳಿದ್ದು ನೆನಪಿದ್ಯಾ? ಅದನ್ನ ಹೊರಗೆ ತೆಗೀರಿ.

ಮ್ಯಾನೊವ್ನಿಕ್ ನಮ್ಮ ಪ್ರಥಮಾ. ಬ್ಯೆರ್ನಿಕ್ ದ್ವಿತೀಯಾ. ನಝೆಂದ್ನಿಕ್ ತೃತೀಯಾ. ತ್ಸೆಲೊವ್ನಿಕ್ ಚತುರ್ಥೀ. ದೊಪೆವ್ನ್ಯಾಚ್ ಷಷ್ಠೀ. ಮ್ಯೆಯ್ಸ್ತ್ಸೊವ್ನಿಕ್ ಸಪ್ತಮೀ. ವೊವಾಚ್ ಸಂಬೋಧನೆ. ಪಂಚಮಿ ಮಾತ್ರ ಇಲ್ಲಿಲ್ಲ, ಅದರ ಕೆಲಸವನ್ನೂ ದೊಪೆವ್ನ್ಯಾಚ್ ಮಾಡುತ್ತೆ. ‘ಮನೆಯಿಂದ’ ಅನ್ನೋದಕ್ಕೆ ‘ಜ಼್ ದೊಮು’.

ಈ ಜೋಡಿ ಎಲ್ಲ ಕಡೆ ಕೂಡಿಬರಲ್ಲ, ಅದನ್ನ ಆಮೇಲೆ ಹೇಳ್ತೀನಿ. ಮೊದಲು ಕನ್ನಡದವರಿಗೆ ಪುಕ್ಕಟೆಯಾಗಿ ಸಿಗೋದನ್ನ ತಗೊಳ್ಳಿ.

ಬ್ಯೆರ್ನಿಕ್ ನೋಡಿ. ‘ಮೇಜು ನೋಡ್ತಿದ್ದೀನಿ’ ಅನ್ನೋದು ‘ವಿದ್ಜ಼ೆ ಸ್ತೂವ್’, ಮೇಜಿನ ರೂಪ ಬದಲಾಗಲ್ಲ. ‘ವಿದ್ಯಾರ್ಥಿಯನ್ನು ನೋಡ್ತಿದ್ದೀನಿ’ ಅನ್ನೋದು ‘ವಿದ್ಜ಼ೆ ಸ್ತುದೆಂತಾ’, ಕೊನೆಗೊಂದು ‘ಆ’ ಬಂತು. ಪುಲ್ಲಿಂಗದ ಏಕವಚನದಲ್ಲಿ ಜೀವ ಇರೋದಕ್ಕೆ ಪ್ರತ್ಯಯ, ಜೀವ ಇಲ್ಲದ್ದಕ್ಕೆ ಇಲ್ಲ. ಬೇರೆ ದೇಶದವರು ಇದನ್ನ ಬಾಯಿಪಾಠ ಹೊಡೀತಾರೆ. ನಾವು ದಿನವೂ ಹೀಗೇ ಮಾತಾಡ್ತೀವಲ್ಲ? ‘ಪುಸ್ತಕ ಓದಿದೆ’ ಅಂತೀವಿ, ‘ಪುಸ್ತಕವನ್ನು’ ಅನ್ನಲೇಬೇಕು ಅಂತ ಇಲ್ಲ. ಆದ್ರೆ ‘ಹುಡುಗ ನೋಡಿದೆ’ ಅಂತ ಯಾರೂ ಅನ್ನಲ್ಲ, ‘ಹುಡುಗನ್ನ’ ಅನ್ನಲೇಬೇಕು. ನಾಯಿಗೂ ಹಾಗೇ: ಪ್ಯೆಸ್ ಇದ್ದದ್ದು ‘ವಿದ್ಜ಼ೆ ಪ್ಸಾ’ ಆಗುತ್ತೆ. ಸ್ತ್ರೀಲಿಂಗಕ್ಕೆ ಈ ಭೇದ ಇಲ್ಲ. ‘ಆ’ದಲ್ಲಿ ಮುಗಿಯೋದೆಲ್ಲ ‘ಎ’ ಆಗುತ್ತೆ: ಕಾವಾ, ‘ಪಿಯೆ ಕಾವೆ’ (ಕಾಫಿ ಕುಡೀತೀನಿ).

ಚತುರ್ಥಿ ಇನ್ನೂ ಸಿಹಿ. ‘ಜ಼ಿಮ್ನೊ ಮಿ’, ನನಗೆ ಚಳಿ. ‘ನುಜಿ ಮಿ ಶೆ’, ನನಗೆ ಬೇಜಾರು. ‘ಹ್ತ್ಸೆ ಮಿ ಶೆ ಸ್ಪಾಚ್’, ನನಗೆ ನಿದ್ದೆ ಬರ್ತಿದೆ. ‘ಪೊದೊಬಾ ಮಿ ಶೆ’, ನನಗೆ ಹಿಡಿಸ್ತು. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ‘ನಾನು’ ಮುಂದೆ ನಿಲ್ಲಬೇಕು. ಇಲ್ಲಿ ನಮ್ಮ ಹಾಗೆ ‘ನನಗೆ’ ಸಾಕು. ಸಹಾಯ ಮಾಡೋದು, ಥ್ಯಾಂಕ್ಸ್ ಹೇಳೋದು ಎರಡಕ್ಕೂ ಚತುರ್ಥಿಯೇ. ನಾವೂ ‘ಅಮ್ಮನಿಗೆ ಸಹಾಯ’, ‘ನಿಮಗೆ ಧನ್ಯವಾದ’ ಅಂತೀವಿ.

ಅಂಕಿಗೆ ಬರೋಣ. ಲೆಕ್ಕದವಳಾಗಿ ಇದು ನನಗೆ ಪ್ರೀತಿಯ ಜಾಗ. ‘ಎರಡು ಪುಸ್ತಕ’, ‘ಇಬ್ಬರು ವಿದ್ಯಾರ್ಥಿಗಳು’. ಪುಸ್ತಕಕ್ಕೆ ‘ಇಬ್ಬರು’ ಹಾಕಿದ್ರೆ ಮಕ್ಕಳೂ ನಗ್ತಾರೆ. ಪೋಲಿಷ್‌ನಲ್ಲೂ ಮನುಷ್ಯರಿಗೆ ಬೇರೆ ಅಂಕಿ ಇದೆ, ಆದರೆ ಗಂಡಸರಿಗೆ ಮಾತ್ರ: ‘ದ್ವಾಯ್ ಸ್ತುದೆಂಚಿ’ ಅಥವಾ ದಿನಬಳಕೆಯಲ್ಲಿ ‘ದ್ವೂಹ್ ಸ್ತುದೆಂತುಫ್’. ಪುಸ್ತಕ ಸ್ತ್ರೀಲಿಂಗ, ಅದಕ್ಕೆ ‘ದ್ವ್ಯೆ ಕ್ಷೊಂಷ್ಕಿ’. ಮೇಜಿಗೆ ‘ದ್ವಾ’. ಮಕ್ಕಳಿಗೆ ‘ದ್ವೊಯೆ ಜೆಚಿ’. ‘ಅವರು’, ‘ಅವು’ ಭೇದವೂ ಹೀಗೇ: ‘ಒನಿ’ ಮತ್ತು ‘ಒನೆ’. ಗುಂಪಿನಲ್ಲಿ ಒಬ್ಬ ಗಂಡಸಿದ್ರೂ ‘ಒನಿ’. ಬರೀ ಹೆಂಗಸರಿದ್ರೆ ‘ಒನೆ’, ಅಂದ್ರೆ ಕುರ್ಚಿ ಮೇಜುಗಳ ಸಾಲಿಗೆ. ವ್ಯಾಕರಣ ಮಾಡಿದವರು ಯಾರು ಅಂತ ಕೇಳೋದೇ ಬೇಡ ಬಿಡಿ.

ಈಗ ನಿಮ್ಮ ಐದರ ಪ್ರಶ್ನೆ. 2, 3, 4ಕ್ಕೆ ಪ್ರಥಮಾ ಬಹುವಚನ. 5ರಿಂದ ಮುಂದೆ ಷಷ್ಠೀ ಬಹುವಚನ. ದುಡ್ಡಿನಲ್ಲೇ ಕಲೀರಿ, ದಿನವೂ ಕಿವಿಗೆ ಬೀಳುತ್ತೆ: 1 ಜ಼್ವೊತಿ, 2 ಜ಼್ವೊತೆ, 5 ಜ಼್ವೊತಿಹ್. 12, 13, 14 ಮೋಸಗಾರರು, ಕೊನೆಯಲ್ಲಿ 2, 3, 4 ಇದ್ರೂ ಅವಕ್ಕೆ ‘ಜ಼್ವೊತಿಹ್’. 22 ಬಂದಾಗ ಮತ್ತೆ ‘ಜ಼್ವೊತೆ’. ಗಲ್ಲಾದವಳು ಬಿಲ್ ಹೇಳುವಾಗ ಅಂಕಿ ಕೇಳ್ಕೊಂಡು, ಜ಼್ವೊತಿ ಹೇಗೆ ಮುಗಿಯುತ್ತೆ ಅಂತ ಮನಸ್ಸಿನಲ್ಲೇ ಮೊದಲು ಹೇಳಿನೋಡಿ. ಚೀಸ್ ಕೌಂಟರೂ ಒಳ್ಳೆ ಮೇಷ್ಟ್ರು. ಇಲ್ಲಿ ಗ್ರಾಂ ಲೆಕ್ಕದಲ್ಲಿ ಕೇಳೋರು ಕಡಿಮೆ, ಹತ್ತು ಗ್ರಾಂಗೆ ಒಂದು ದೆಕೊ. 200 ಗ್ರಾಂ ಬೇಕಿದ್ರೆ ‘ಪೊಪ್ರೊಶೆ ದ್ವಜೆಶ್ಚಾ ದೆಕೊ ಸೆರಾ’. ಕೊನೆಯ ಪದ ಸೆರ್ ಅಲ್ಲ, ಸೆರಾ. ಅಳತೆ ಬಂತು ಅಂದ್ರೆ ಷಷ್ಠಿ.

‘ಯಾಕೆ’ ಅಂತಲೂ ಕೇಳಿದ್ರಿ. ಹಳೆಯ ಕಾಲದಲ್ಲಿ ಐದು ಮತ್ತು ಮೇಲಿನವು ನಾಮಪದಗಳ ಹಾಗೆ ನಡೀತಿದ್ವು, ‘ಪುಸ್ತಕಗಳ ಒಂದು ಐದು’ ಅನ್ನೋ ಹಾಗೆ. ಅದಕ್ಕೇ ಪುಸ್ತಕ ಷಷ್ಠಿಗೆ ಹೋಯ್ತು. ಅದಕ್ಕೇ ಕ್ರಿಯಾಪದವೂ ಏಕವಚನ: ಎರಡಿದ್ರೆ ‘ಸೊಂ ದ್ವ್ಯೆ ಕ್ಷೊಂಷ್ಕಿ’, ಐದಿದ್ರೆ ‘ಯೆಸ್ತ್ ಪ್ಯೆಂಚ್ ಕ್ಷೊಂಝೆಕ್’. ವಿಚಿತ್ರ ಅನ್ನಿಸ್ತಾ? ‘ಐದು ಪುಸ್ತಕ ಇದೆ’ ಅಂತ ನಾವು ಸಲೀಸಾಗಿ ಅಂತೀವಿ.

ಇನ್ನು ಕನ್ನಡ ಕೈಕೊಡೋ ಜಾಗ. ಎಲ್ಲಕ್ಕಿಂತ ದೊಡ್ಡದು ‘ಇಂದ’. ಶಾಲೆಯಲ್ಲಿ ತೃತೀಯಾ ‘ಇಂದ’, ಪಂಚಮೀ ‘ದೆಸೆಯಿಂದ’ ಅಂತ ಬೇರೆ ಬೇರೆ ಹೇಳಿಕೊಟ್ರು. ‘ದೆಸೆಯಿಂದ’ ಅಂತ ಮಾತಾಡೋರನ್ನ ನಾನಂತೂ ನೋಡಿಲ್ಲ. ಬಾಯಲ್ಲಿ ಎರಡೂ ‘ಇಂದ’ವೇ. ಪೋಲಿಷ್ ಅದನ್ನ ಒಡೆಯುತ್ತೆ. ಪೆನ್ನಿನಿಂದ ಬರೆದ್ರೆ ‘ದ್ವುಗೊಪಿಸೆಮ್’, ಬರೀ ನಝೆಂದ್ನಿಕ್, ಮುಂದೆ ಏನೂ ಬೇಡ. ಮನೆಯಿಂದ ಬಂದ್ರೆ ‘ಜ಼್ ದೊಮು’, ಮುಂದೆ ‘ಜ಼್’ ಬೇಕು, ಪದ ದೊಪೆವ್ನ್ಯಾಚ್‌ನಲ್ಲಿ. ಅದೇ ‘ಜ಼್’ ನಝೆಂದ್ನಿಕ್ ಜೊತೆ ಬಂದ್ರೆ ಅರ್ಥ ‘ಜೊತೆ’. ‘ಜ಼್ ಮ್ಲೆಕ್ಯೆಮ್’ ಅಂದ್ರೆ ಹಾಲು ಹಾಕಿದ್ದು, ‘ಜ಼್ ಮ್ಲೆಕಾ’ ಅಂದ್ರೆ ಹಾಲಿನಿಂದ ಮಾಡಿದ್ದು. ಮುಂದಿರೋ ಚೂರು ಒಂದೇ, ಬಾಲ ನೋಡಿ ಅರ್ಥ ಮಾಡ್ಕೋಬೇಕು.

ವಾಹನಕ್ಕೂ ಇದೇ ಕಥೆ. ನಾವು ರೈಲಿ‘ನಲ್ಲಿ’ ಹೋಗ್ತೀವಿ, ಇವರು ‘ಪೊಚೊಂಗ್ಯೆಮ್’, ನಝೆಂದ್ನಿಕ್. ‘ನಾನು ಇಂಜಿನಿಯರ್’ ಅನ್ನೋಕೂ ನಝೆಂದ್ನಿಕ್: ‘ಯೆಸ್ತೆಮ್ ಇಂಝಿನ್ಯೆರೆಮ್’. ಇದಕ್ಕೆ ಕನ್ನಡದಲ್ಲಿ ಆಸರೆ ಇಲ್ಲ, ಹಾಗೇ ನುಂಗಬೇಕು.

ಇನ್ನೊಂದು: ‘ಇಲ್ಲ’ ಅಥವಾ ‘ಬೇಡ’ ಬಂದ ಕೂಡಲೇ ದ್ವಿತೀಯಾ ಹೋಗಿ ಷಷ್ಠಿ. ‘ಪಿಯೆ ಕಾವೆ’, ‘ನ್ಯೆ ಪಿಯೆ ಕಾವಿ’. ಗೋಡೌನ್ ಅವರ ‘ನ್ಯೆ ಮಾ ಪಲೆತಿ’ ಕೂಡ ಇದೇ.

ಕ್ರಮ ಕೇಳಿದ್ರಲ್ಲ. ಬ್ಯೆರ್ನಿಕ್ ಮೊದಲು, ಅದರ ಬೆನ್ನಿಗೇ ದೊಪೆವ್ನ್ಯಾಚ್. ಯಾಕಂದ್ರೆ ‘ಇಲ್ಲ’, ಅಳತೆ, ಐದರ ಮೇಲಿನ ಅಂಕಿ, ‘ದೊ’, ‘ಜ಼್’, ‘ಒದ್’, ‘ದ್ಲಾ’ ಅನ್ನೋ ಮುಂದೆ ಬರೋ ಚೂರುಗಳು ಎಲ್ಲ ಅದರ ಮನೆಗೇ ಬರುತ್ತೆ. ಹುಡುಕೋದು, ಕೇಳೋದು, ಕಲಿಯೋದು ಅನ್ನೋ ಕ್ರಿಯಾಪದಗಳೂ ಅದನ್ನೇ ಬೇಡುತ್ತವೆ: ‘ಉಚೆ ಶೆ ಪೊಲ್ಸ್ಕ್ಯೆಗೊ’. ಆಮೇಲೆ ನಝೆಂದ್ನಿಕ್, ಪ್ರತ್ಯಯಗಳು ಅಚ್ಚುಕಟ್ಟು, ಬೇಗ ಮುಗಿಯುತ್ತೆ. ಆಮೇಲೆ ಸಪ್ತಮಿ. ಅದಕ್ಕೆ ಸಮಯ ಕೊಡಿ, ಯಾಕಂದ್ರೆ ಪದದ ಹೊಟ್ಟೆಯೇ ಬದಲಾಗುತ್ತೆ: ಪೊಲ್ಸ್ಕಾ (ಪೋಲೆಂಡ್) ‘ಫ್ ಪೊಲ್ಸ್ತ್ಸೆ’, ಅಪ್ತೆಕಾ (ಔಷಧಿ ಅಂಗಡಿ) ‘ವ್ ಅಪ್ತೆತ್ಸೆ’, ಶ್ಕೊವಾ (ಶಾಲೆ) ‘ಫ್ ಶ್ಕೊಲೆ’. ‘ಕ’ ಇದ್ದದ್ದು ‘ತ್ಸ’, ‘ವ’ ಇದ್ದದ್ದು ‘ಲ’. ನಮ್ಮ ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆಗುವಾಗ ‘ಕ’ ಹೋಗಿ ‘ಗ’ ಬಂದಿಲ್ವಾ, ಅಂಥದ್ದೇ ಒಂದು ಆದೇಶ ಅಂದ್ಕೊಳ್ಳಿ. ತ್ಸೆಲೊವ್ನಿಕ್ ಪ್ರತ್ಯಯಗಳು ಕೊನೆಗಿರಲಿ, ‘ಮಿ’ ಒಂದನ್ನ ಮಾತ್ರ ಇವತ್ತೇ ಶುರು ಮಾಡಿ.

---

ಕ್ರಾಕುಫ್ ಹೊಸಬ:

ಮೇಡಂ, ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ. ‘ಇಂದ’ದ ವಿಷಯ ಯಾರೂ ಹೇಳಿರಲಿಲ್ಲ.

ಊರಿನ ಹೆಸರುಗಳಿಗೆ ಏನು ಮಾಡೋದು? ಕ್ರಾಕುಫ್ ‘ಫ್ ಕ್ರಕೊವ್ಯೆ’ ಆದ್ರೆ ವ್ರೊತ್ಸ್ವಾಫ್ ‘ವೆ ವ್ರೊತ್ಸ್ವಾವ್ಯು’ ಅಂತೆ. ಎರಡೂ ಒಂದೇ ಥರ ಮುಗಿಯೋ ಹಾಗೆ ಕೇಳುತ್ತಲ್ಲ? ಆಮೇಲೆ ಕ್ರಿಯಾಪದದ ಜೋಡಿ ಒಂದಿದೆ: ಪಿಸಾಚ್, ನಪಿಸಾಚ್. ಬರೆಯೋದಕ್ಕೆ ‘ಪಿಸಾಚ್’ ಅಂತ ಕೇಳಿದ ದಿನವೇ ಇದು ನನ್ನ ಬೆನ್ನು ಹತ್ತುತ್ತೆ ಅಂತ ಗೊತ್ತಾಯ್ತು. ಮುಗಿದ ಕೆಲಸಕ್ಕೆ ‘ನ’ ಸೇರಿಸೋದು ಅಂತಾರೆ. ನಮ್ಮ ‘ಬರೆದುಬಿಟ್ಟೆ’ ಥರಾನಾ?

---

ಓದ್ರಾ ದಡದವಳು:

ಊರಿನದಕ್ಕೆ ನಾನು ಹೇಳ್ತೀನಿ, ಪಿಶಾಚಿಯನ್ನ ಬೇರೆಯವರು ಬಿಡಿಸಲಿ.

ವ್ರೊತ್ಸ್ವಾಫ್‌ನ ಕೊನೆಯ ಅಕ್ಷರ ಮೃದು, ಆದರೆ ಪ್ರಥಮಾದಲ್ಲಿ ಅದು ಕಿವಿಗೆ ಸಿಗಲ್ಲ. ದೊಪೆವ್ನ್ಯಾಚ್‌ನಲ್ಲಿ ಸಿಗುತ್ತೆ: ‘ದೊ ಕ್ರಕೊವಾ’, ‘ದೊ ವ್ರೊತ್ಸ್ವಾವ್ಯಾ’. ಎರಡನೇದರಲ್ಲಿ ‘ಯ’ ಇದೆ ನೋಡಿ. ಅದಕ್ಕೇ ಯಾವ ಊರನ್ನ ಕಲಿತ್ರೂ ‘ದೊ’ ಸೇರಿಸಿಯೇ ಕಲೀರಿ, ಸಪ್ತಮಿಯ ಸುಳಿವು ಅಲ್ಲೇ ಇರುತ್ತೆ. ಕೆಲವು ಊರು ಬಹುವಚನ: ‘ಫ್ ಕತೊವಿತ್ಸಾಹ್’. ನಮ್ಮ ದೇಶವೂ ಇವರಿಗೆ ಬಹುವಚನವೇ, ‘ವ್ ಇಂದ್ಯಾಹ್’. ಜ಼ಕೊಪಾನೆ ಹೆಸರು ವಿಶೇಷಣದ ಥರ ನಡೆಯುತ್ತೆ, ‘ವ್ ಜ಼ಕೊಪಾನೆಮ್’. ವೂಚ್ ಅಂತೂ ‘ವ್ ವೊಜಿ’ ಆಗಿ ಗುರುತೇ ಸಿಗಲ್ಲ, ಗೋಡೌನ್ ಅವರಿಗೆ ಗೊತ್ತಿರುತ್ತೆ.

ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿ. ‘ಜ಼ೆ ಸ್ತಾತ್ಸ್ಯಿ ವ್ರೊತ್ಸ್ವಾಫ್ ಗ್ವೂವ್ನಿ ದೊ ಸ್ತಾತ್ಸ್ಯಿ ಕ್ರಾಕುಫ್ ಗ್ವೂವ್ನಿ’ ಅಂತಾರೆ. ಪ್ರತ್ಯಯವನ್ನ ‘ಸ್ತಾತ್ಸ್ಯಾ’ (ಸ್ಟೇಷನ್) ಹೊತ್ತುಕೊಂಡ್ರೆ ಊರಿನ ಹೆಸರು ಹಾಗೇ ನಿಲ್ಲುತ್ತೆ. ನಾವು ‘ಕ್ರಾಕುಫ್ ನಗರಕ್ಕೆ’ ಅಂದಾಗ ‘ಕ್ಕೆ’ ನಗರಕ್ಕೆ ಹೋಗಲ್ವಾ, ಹಾಗೆ. ರೂಪ ಬಾರದ ಊರಿಗೆ ಟಿಕೆಟ್ ಕೇಳುವಾಗ ನೀವೂ ಹೀಗೇ ಕೇಳಬಹುದು.

---

ಬಾಲ್ಟಿಕ್ ಗಾಳಿ:

ಕ್ರಿಯಾಪದಕ್ಕೆ ನಾನು. ಗ್ದಾನ್ಸ್ಕ್‌ನಲ್ಲಿದ್ದೀನಿ.

‘ಬರೆದುಬಿಟ್ಟೆ’ ಹೋಲಿಕೆ ಬೇಡ ಅಂತ ನನ್ನ ಸಲಹೆ. ಕನ್ನಡದಲ್ಲಿ ‘ಬಿಡು’ ಹಾಕೋದು ನಮ್ಮಿಷ್ಟ. ‘ಬಿದ್ದ’ ಅನ್ನಬಹುದು, ‘ಬಿದ್ದುಬಿಟ್ಟ’ ಅನ್ನಬಹುದು, ಎರಡನೇದರಲ್ಲಿ ‘ಅಯ್ಯೋ’ ಅನ್ನೋ ಭಾವವೂ ಸೇರುತ್ತೆ. ಪೋಲಿಷ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಬಾಯಿ ತೆರೆದ ಕೂಡಲೇ ಎರಡರಲ್ಲಿ ಒಂದನ್ನ ಆರಿಸಲೇಬೇಕು. ‘ನಿನ್ನೆ ಪುಸ್ತಕ ಓದಿದೆ’ ಅಂತ ನೀವಂದ್ರೆ ಮುಗಿಸಿದ್ರೋ ಇಲ್ವೋ ನನಗೆ ಗೊತ್ತಾಗಲ್ಲ. ‘ಚಿತಾವೆಮ್’ ಅಂದ್ರೆ ಓದ್ತಾ ಇದ್ದೆ, ಕಾಲ ಕಳೆದೆ. ‘ಪ್ಶೆಚಿತಾವೆಮ್’ ಅಂದ್ರೆ ಕೊನೆಯ ಪುಟದವರೆಗೂ ಹೋದೆ. (ಹೆಂಗಸರಾದ್ರೆ ‘ಚಿತಾವಮ್’, ‘ಪ್ಶೆಚಿತಾವಮ್’. ಕನ್ನಡದಲ್ಲಿ ‘ಓದಿದೆ’ಗೆ ಲಿಂಗ ಇಲ್ಲ, ಇಲ್ಲಿ ‘ನಾನು’ ಅಂದ್ರೂ ಭೂತಕಾಲದಲ್ಲಿ ಲಿಂಗ ಕಾಣುತ್ತೆ.)

ಮುಗಿದ ಜಾತಿಯ ಕ್ರಿಯಾಪದಕ್ಕೆ ವರ್ತಮಾನವೇ ಇಲ್ಲ. ‘ಪಿಶೆ’ ಅಂದ್ರೆ ಬರೀತಿದ್ದೀನಿ. ‘ನಪಿಶೆ’ ನೋಡೋಕೆ ವರ್ತಮಾನ, ಅರ್ಥ ಮಾತ್ರ ಭವಿಷ್ಯತ್ತು: ಬರೆದು ಮುಗಿಸ್ತೀನಿ. ‘ನಾಳೆ ಬರ್ತೀನಿ’ ಅಂತ ವರ್ತಮಾನದ ರೂಪದಲ್ಲೇ ನಾಳೆಯ ಮಾತಾಡೋ ನಮಗೆ ಇದು ಕಷ್ಟ ಆಗಬಾರದು.

‘ನ’ ಸೇರಿಸಿದ್ರೆ ಮುಗೀತು ಅನ್ನೋ ಸೂತ್ರವನ್ನೂ ಪೂರ್ತಿ ನಂಬಬೇಡಿ. ಯಾವ ಉಪಸರ್ಗ ಅಂತ ಕ್ರಿಯಾಪದವೇ ನಿರ್ಧರಿಸುತ್ತೆ. ಪಿಸಾಚ್‌ಗೆ ‘ನ’, ಚಿತಾಚ್‌ಗೆ ‘ಪ್ಶೆ’, ರೊಬಿಚ್‌ಗೆ ‘ಜ಼್’. ಬೇರೆ ಉಪಸರ್ಗ ಹಾಕಿದ್ರೆ ಅರ್ಥವೇ ಬೇರೆ: ‘ಪೊತ್ಪಿಸಾಚ್’ ಸಹಿ ಹಾಕು, ‘ಜ಼ಪಿಸಾಚ್’ ಬರೆದಿಟ್ಟುಕೊ, ‘ಒಪಿಸಾಚ್’ ವರ್ಣಿಸು. ಕೆಲವು ಜೋಡಿಗೆ ಸಂಬಂಧವೇ ಕಾಣಲ್ಲ. ‘ಬ್ರಾಚ್’, ‘ವ್ಜ಼್ಯೊಂಚ್’ ಎರಡೂ ತಗೊಳ್ಳೋದು. ‘ಮೂವಿಚ್’, ‘ಪೊವ್ಯೆಜೆಚ್’ ಎರಡೂ ಹೇಳೋದು. ಒಂದೊಂದೇ ಕಲೀಬೇಡಿ, ಜೋಡಿಯಾಗಿ ಕಲೀರಿ.

ಸರ್ಕಾರಿ ಕಚೇರಿಯ ಸರತಿಯಲ್ಲಿ ನಿಂತಾಗ ಗೋಡೆ, ಫಾರಂ ಓದಿ, ಇಡೀ ಪಾಠ ಅಲ್ಲೇ ಇದೆ. ‘ಪ್ರೊಶೆ ಚೆಕಾಚ್’, ದಯವಿಟ್ಟು ಕಾಯಿರಿ: ಕಾಯೋದಕ್ಕೆ ಕೊನೆ ಇಲ್ಲ, ಹಾಗಾಗಿ ಮುಗಿಯದ ಜಾತಿ. ‘ಪ್ರೊಶೆ ವಿಪೆವ್ನಿಚ್’, ಭರ್ತಿ ಮಾಡಿ: ಒಂದು ಸಲ, ಪೂರ್ತಿ, ಹಾಗಾಗಿ ಮುಗಿಯೋ ಜಾತಿ. ‘ಪ್ರೊಶೆ ಪೊತ್ಪಿಸಾಚ್’, ಸಹಿ ಹಾಕಿ. ಆದ್ರೆ ‘ಸಹಿ ಹಾಕಬೇಡಿ’ ಅನ್ನುವಾಗ ‘ಪ್ರೊಶೆ ನ್ಯೆ ಪೊತ್ಪಿಸಿವಾಚ್’. ‘ಬೇಡ’ ಅಂದಾಗ ಸಾಮಾನ್ಯವಾಗಿ ಮುಗಿಯದ ಜಾತಿಗೆ ಜಾರುತ್ತೆ. ರೈಲಿನ ಕಿಟಕಿ ಕೆಳಗಿನ ಹಳೇ ಫಲಕ ‘ನ್ಯೆ ವಿಹಿಲಾಚ್ ಶೆ’, ಹೊರಗೆ ಬಾಗಬೇಡಿ, ಅದೂ ಹಾಗೇ. ಅಚಾನಕ್ಕಾಗಿ ಆಗಿಹೋಗೋದರ ಬಗ್ಗೆ ಎಚ್ಚರ ಹೇಳುವಾಗ ಮಾತ್ರ ಉಲ್ಟಾ: ‘ನ್ಯೆ ಜ಼್ಗುಪ್!’ ಅಂದ್ರೆ ಕಳ್ಕೊಂಡ್‌ಬಿಟ್ಟೀಯ, ಜೋಪಾನ!

---

ವೂಚ್ ಗೋಡೌನ್:

‘ನ್ಯೆ ಜ಼್ಗುಪ್’ ನಮ್ಮ ಸೂಪರ್‌ವೈಸರ್ ಸ್ಕ್ಯಾನರ್ ಕೊಡುವಾಗ ದಿನಾ ಹೇಳೋ ಮಾತು. ಈಗ ಗೊತ್ತಾಯ್ತು ಅದರ ಜಾತಿ. ಆದ್ರೂ ನನ್ನ ಮಾತು ಹಿಂದಕ್ಕೆ ತಗೊಳಲ್ಲ, ಮೊದಲು ಬಾಯಿ, ಆಮೇಲೆ ಪುಸ್ತಕ.

---

ಓದ್ರಾ ದಡದವಳು:

ಬಾಲ್ಟಿಕ್ ಅವರೇ, ‘ಬಿಡು’ ಬಗ್ಗೆ ಒಪ್ಪಿದೆ. ನನ್ನ ತಕರಾರು ಒಂದೇ: ‘ಓದಿ ಮುಗಿಸಿದೆ’, ‘ಓದ್ತಾ ಇದ್ದೆ’ ಅಂತ ಮನಸ್ಸಿನಲ್ಲಿ ಮೊದಲು ಕನ್ನಡದಲ್ಲೇ ಬಿಡಿಸಿ ಹೇಳ್ಕೊಂಡ್ರೆ ಆಯ್ಕೆ ಸಲೀಸಾಗುತ್ತೆ. ‘ಬಿಡು’ ಬೇಡ, ‘ಮುಗಿಸು’ ಇರಲಿ.

---

ಕ್ರಾಕುಫ್ ಹೊಸಬ:

ಕೊನೇ ಪ್ರಶ್ನೆ. ವೊವಾಚ್ ಕಲಿಯೋದು ಬಿಟ್ಟರೆ ನಡೆಯುತ್ತಾ? ಆಫೀಸಲ್ಲಿ ಎಲ್ಲರೂ ಆನ್ಯಾನ ‘ಆನ್ಯಾ!’ ಅಂತಲೇ ಕರೀತಾರೆ, ಟೇಬಲ್ಲಿನಲ್ಲಿರೋ ‘ಆನ್ಯು’ ಯಾರ ಬಾಯಲ್ಲೂ ಕೇಳಿಲ್ಲ.

---

ಓದ್ರಾ ದಡದವಳು:

ಗೆಳೆಯರ ಹೆಸರಿಗೆ ನಡೆಯುತ್ತೆ. ಬಿರುದು, ಹುದ್ದೆಗೆ ನಡೆಯಲ್ಲ: ಡಾಕ್ಟರ್ ಗಂಡಸಾದ್ರೆ ‘ಪಾನ್ಯೆ ದೊಕ್ತೊಝೆ’ ಅಂತಲೇ ಕರೀಬೇಕು. ಕಾಗದಕ್ಕಂತೂ ಬೇಕೇ ಬೇಕು. ಪರೀಕ್ಷೆಯ ಬರವಣಿಗೆಯಲ್ಲಿ ಔಪಚಾರಿಕ ಪತ್ರ ಬಂದ್ರೆ ಗಂಡಸರಿಗೆ ‘ಶನೊವ್ನಿ ಪಾನ್ಯೆ’ ಅಂತ ಶುರು ಮಾಡಿ, ‘ಪಾನ್’ ಅಂತ ಬರೆದ್ರೆ ಮೊದಲ ಸಾಲಿಗೇ ಕೆಂಪು ಶಾಯಿ. ಹೆಂಗಸರಿಗೆ ‘ಶನೊವ್ನಾ ಪಾನಿ’, ಅದು ಬದಲಾಗಲ್ಲ. ಯಾರು ಅಂತ ಗೊತ್ತಿಲ್ಲದಿದ್ರೆ ‘ಶನೊವ್ನಿ ಪಾನ್ಸ್ತ್ವೊ’. ಈ ಮೂರು ಸಾಕು.